ಮೊರದ ಕಿವಿಯ ಕರಡಿ

ನನ್ನ ಜೊತೆ ಯಾರಾದರೂ ಮೆತ್ತಗೆ ಮಾತಾಡಿದರೆ ನಾನು ಮೊದಲು ನೋಡುವುದು ನನ್ನ ಚಪ್ಪಲಿ ಬಿಟ್ಟ ಜಾಗದಲ್ಲೇ ಇವೆಯೋ ಇಲ್ಲವೋ ಎಂದು. ನನ್ನ ಮಗಳು ಕ್ರಾಂತಿ ಇದನ್ನು ರೋಗ ಎನ್ನುತ್ತಾಳೆ. ಇರಲಿ, ರೋಗವೇ. ಅವಳಿಗೆ ಆರು ತುಂಬುವ ಮೊದಲೇ ನನ್ನ ಗಂಡ ಗಾದಿಲಿಂಗಪ್ಪ ಕಣ್ಣು ಮುಚ್ಚಿದ, ಅವನ ಅಟೆಂಡರ್ ಕೆಲಸ ನನಗೆ ಬಂತು. ಅಂದಿನಿಂದ ಕೊಟ್ಟೂರಿನ ಒಂದು ಹೈಸ್ಕೂಲಿನಲ್ಲಿ ಗಂಟೆ ಹೊಡೆದು, ಬೀಗ ತೆಗೆದು, ಬೀಗ ಹಾಕಿ ಬದುಕಿದವಳು ನಾನು. ಹಾಕಿದ ಬೀಗವನ್ನು ಎರಡು ಸಲ ಜಗ್ಗಿ ನೋಡದಿದ್ದರೆ ನನಗೆ ಊರಿನ ಬಸ್ಸು ಹತ್ತಲು ಮನಸ್ಸಾಗುವುದಿಲ್ಲ.

ಇಂಥವಳ ಮನೆಗೆ, ಹೋದ ದೀಪಾವಳಿ ಕಳೆದ ವಾರ, ಪಂಚಾಯಿತಿ ಪಿಡಿಒ ಮೌನೇಶ್ ಬಂದ. ಒಬ್ಬನೇ ಬಂದಿದ್ದರೆ ಸರ್ವೆ ಇರಬೇಕು, ಸಹಿ ಬೇಕಿರಬೇಕು ಎಂದುಕೊಳ್ಳುತ್ತಿದ್ದೆ. ಜೊತೆಗೆ ಊರ ಹಿರಿಯ ಪಾಲಣ್ಣನೂ ಇದ್ದ. ಮೂರು ಸಲ ಪಂಚಾಯಿತಿ ಅಧ್ಯಕ್ಷನಾದ ಮನುಷ್ಯ ನಮ್ಮ ಕೇರಿಗೆ ಬರುತ್ತಿದ್ದದ್ದು ಓಟಿಗೆ ಮಾತ್ರ, ಅದೂ ಕೇರಿ ಬಾಯಲ್ಲಿರುವ ಬೇವಿನ ಗಿಡದ ತನಕ. ಅವತ್ತು ನೇರ ಒಳಗೆ ಬಂದು ಕುರ್ಚಿಯಲ್ಲಿ ಕೂತ. ನಾನು ಸೊಸೆಯಾಗಿ ಈ ಊರಿಗೆ ಬಂದಾಗಿನಿಂದ ನನ್ನನ್ನು "ಏ ಗಿಡ್ಡಿ" ಎಂದು ಕರೆದವನು ಅವತ್ತು "ಗಿಡ್ಡಮ್ಮಾ" ಎಂದ. ನನ್ನ ಕಿವಿ ನೆಟ್ಟಗಾದವು.

ಅವರು ಬಂದದ್ದು ಕ್ರಾಂತಿಯ ಸಲುವಾಗಿ. ನನ್ನ ಮಗಳು ದಾವಣಗೆರೆಯಲ್ಲಿ ನಾಲ್ಕು ವರ್ಷ ಶಿಲ್ಪಕಲೆ ಓದಿದ್ದಾಳೆ. ಕಲ್ಲು ಕೆತ್ತುವುದಲ್ಲ, ಬಿಸಾಡಿದ ಸಾಮಾನು ಆಯ್ದು ತಂದು ಅದರಲ್ಲೇ ಮೂರ್ತಿ ಕಟ್ಟುವುದು ಅವಳ ದಾರಿ. ಹರಪನಹಳ್ಳಿಯ ಒಂದು ಕಾಲೇಜಿನ ಮುಂದೆ ಸೈಕಲ್ ಚೈನುಗಳಲ್ಲಿ ಅವಳು ಮಾಡಿದ ನವಿಲೊಂದು ನಿಂತಿದೆ. ಅದರ ಫೋಟೋ ಮೌನೇಶನ ಮೊಬೈಲಿಗೆ ಹೋಗಿತ್ತಂತೆ. ಸ್ವಚ್ಛ ಗ್ರಾಮದ ಸ್ಪರ್ಧೆ ಇದೆ, ಊರ ಬಾಗಿಲಲ್ಲಿ, ಬಸ್ ಸ್ಟಾಪಿನ ಪಕ್ಕ, ಕಸದಲ್ಲೇ ಏನಾದರೊಂದು ದೊಡ್ಡದು ಮಾಡಿಕೊಡಬೇಕು ಎಂದ. ಕಟ್ಟೆಯ ಮೇಲೆ ಗ್ರಾನೈಟ್ ಕಲ್ಲಿನಲ್ಲಿ ಅವಳ ಹೆಸರು ಕೆತ್ತಿಸುತ್ತೇವೆ ಎಂದೂ ಹೇಳಿದ.

ನಮ್ಮೂರ ಬಾಗಿಲಲ್ಲಿ ನಮ್ಮ ಮನೆಯ ಹೆಸರು. ಕೇಳಿ ನನಗೆ ಖುಷಿಯಾಗಲಿಲ್ಲ. ಚಹಾ ಕೊಟ್ಟು ಪಾಲಣ್ಣ ಕುಡಿಯುತ್ತಾನೋ ಇಲ್ಲವೋ ಎಂದು ಬಾಗಿಲ ಸಂದಿಯಿಂದ ನೋಡಿದೆ. ಲೋಟ ಎತ್ತಿದ, ಇಳಿಸಿದ, ಮತ್ತೆ ಎತ್ತಿದ, ತುಟಿಗೆ ತಾಗಿಸದೆ ಇಟ್ಟ. ಅವರು ಹೋದ ಮೇಲೆ ನೋಡಿದಿಯಾ ಎಂದು ಮಗಳ ಮುಂದೆ ಹಾರಾಡಿದೆ. ಅವರಿಗೆ ಸಕ್ಕರೆ ಕಾಯಿಲೆ ಇದೆಯಂತೆ, ನೀನು ಮೂರು ಚಮಚ ಹಾಕಿದ್ದೆ ಎಂದಳು ಅವಳು. ಆಮೇಲೆ ವಿಚಾರಿಸಿದೆ. ಸಕ್ಕರೆ ಕಾಯಿಲೆ ಇದ್ದದ್ದು ನಿಜವೇ, ಆದರೂ ನನ್ನ ಅನುಮಾನ ಹೋಗಲಿಲ್ಲ.

ಕ್ರಾಂತಿ ಕರಡಿ ಮಾಡುತ್ತೇನೆ ಎಂದಳು. ಗುಡೇಕೋಟೆ ಕಡೆಯ ಗುಡ್ಡದಿಂದ ಕರಡಿ ಇಳಿದು ಬರುವುದು ನಮಗೆ ಹೊಸದಲ್ಲ. ಶೇಂಗಾ ಹೊಲಕ್ಕೂ ಬರುತ್ತದೆ, ಸೀತಾಫಲಕ್ಕೂ ಬರುತ್ತದೆ. ಆದರೆ ಹೋದ ಬೇಸಿಗೆಯಲ್ಲಿ ಅವಳು ಬೆಳಿಗ್ಗೆ ಬೈಲಿಗೆ ಹೋದಾಗ ಊರಾಚೆ ಕಸದ ತಿಪ್ಪೆಯಲ್ಲಿ ಒಂದು ಕರಡಿ ನಿಂತಿತ್ತಂತೆ. ಪ್ಲಾಸ್ಟಿಕ್ ಚೀಲ ಹರಿದು ಅದರೊಳಗಿನ ಹಳಸಿದ ಅನ್ನ ನೆಕ್ಕುತ್ತಿತ್ತಂತೆ. ಕರಡಿ ನಮ್ಮ ಕಸ ತಿನ್ನುವ ಹಾಗೆ ಮಾಡಿದ್ದೇವೆ, ಅದಕ್ಕೆ ಕಸದಲ್ಲೇ ಕರಡಿ ಎಂದಳು. ಚೆನ್ನಾಗಿಯೇ ಹೇಳಿದಳು. ನಾನು ಮೂಗು ಮುರಿದೆ.

ಪಂಚಾಯಿತಿಯ ಕಸದ ಶೆಡ್ಡಿನಲ್ಲಿ ಕೆಲಸ ಶುರುವಾಯಿತು. ತುಕ್ಕು ಹಿಡಿದ ಸೈಕಲ್ಲುಗಳು, ಮುರಿದ ಕುಂಟೆ, ನೇಗಿಲಿನ ಕಬ್ಬಿಣ ಸೇರಿಸಿ ವೆಲ್ಡಿಂಗ್ ಮಾಡಿ ಎಂಟು ಅಡಿಯ ಅಸ್ಥಿಪಂಜರ ನಿಲ್ಲಿಸಿದಳು. ಚಿಗಟೇರಿ ಕಡೆಯ ಹೊಲಗಳಲ್ಲಿ ಕಿತ್ತು ಒಟ್ಟಿದ್ದ ಡ್ರಿಪ್ ಪೈಪುಗಳನ್ನು ತಂದು ಗೇಣುದ್ದ ಕತ್ತರಿಸಿ ಸಾವಿರಾರು ತುಂಡು ಕಟ್ಟಿದಳು. ಅದು ಕೂದಲಾಯಿತು. ಹಗರಿಬೊಮ್ಮನಹಳ್ಳಿಯ ಗುಜರಿಯಿಂದ ಟೈರು, ಹಡಗಲಿಯ ಗ್ಯಾರೇಜಿನಿಂದ ಬೈಕಿನ ಕೆಂಪು ಲೈಟು ಬಂದವು, ಅವು ಮೈಯೂ ಕಣ್ಣೂ ಆದವು. ಮಾಸಿದ ಬಿಳಿ ಬಿಂದಿಗೆ ಮೂತಿಯಾಯಿತು. ಸವೆದು ಮೂಲೆ ಸೇರಿದ್ದ ಕುಡುಗೋಲುಗಳನ್ನು ಮನೆಮನೆಯಿಂದ ಬೇಡಿ ತಂದು ಉಗುರು ಮಾಡಿದಳು. ಶಾಲೆ ಬಿಟ್ಟ ಮೇಲೆ ನಾನು ಶೆಡ್ಡಿಗೆ ಹೋಗಿ ಸುಮ್ಮನೆ ಕೂರುತ್ತಿದ್ದೆ. ಯಾರು ಬರುತ್ತಾರೆ, ಯಾರು ಏನು ಮುಟ್ಟುತ್ತಾರೆ, ಯಾರು ಫೋಟೋ ತೆಗೆದು ಯಾರಿಗೆ ಕಳಿಸುತ್ತಾರೆ ಎಂದು ನೋಡುವುದೇ ನನ್ನ ಕೆಲಸವಾಗಿತ್ತು.

ಒಂದು ಬುಧವಾರ ಅವಳ ಸ್ಕೂಟಿಯ ಹಿಂದೆ ಎರಡು ಹಳೆಯ ಮೊರ, ಒಂದು ಕಟ್ಟು ಮೋಟು ಕಸಬರಿಗೆ ಬಂದವು. ಕಿವಿಗೆ ಮೊರ, ಕುತ್ತಿಗೆಯ ಜೂಲಿಗೆ ಕಸಬರಿಗೆ ಎಂದಳು. ಎಲ್ಲಿಂದ ತಂದೆ ಎಂದು ಕೇಳಿದೆ. ಬಿದ್ದಿದ್ದವು, ತಂದೆ ಎಂದಳು. ಮೊರದ ಮೇಲೆ ಅರಿಶಿನ ಕುಂಕುಮದ ಪಟ್ಟೆ ಇನ್ನೂ ಮಾಸಿರಲಿಲ್ಲ.

ಅವು ಗಡಿಕಲ್ಲಿನ ಹತ್ತಿರದವು ಎಂದು ನೋಡಿದ ಕೂಡಲೇ ನನಗೆ ಗೊತ್ತಾಯಿತು. ನಮ್ಮ ಕಡೆ ಊರಿಗೆ ಅಮ್ಮ ಬಂದರೆ, ಅಂದರೆ ಮಕ್ಕಳಿಗೆ ಗುಳ್ಳೆ ಎದ್ದರೆ, ಜ್ವರ ಹರಡಿದರೆ, ಅವಳನ್ನು ಗಡಿ ದಾಟಿಸಬೇಕು. ಮನೆಗೊಂದು ಹಳೆಯ ಮೊರ, ಮೋಟು ಕಸಬರಿಗೆ, ಒಡಕು ಗಡಿಗೆ ಅರಿಶಿನ ಕುಂಕುಮ ಹಚ್ಚಿಸಿಕೊಂಡು ಹೊಸ್ತಿಲಾಚೆ ಬರುತ್ತವೆ. ಒಮ್ಮೆ ಹೊರಗಿಟ್ಟರೆ ಮನೆಯವರು ಮುಟ್ಟುವ ಹಾಗಿಲ್ಲ. ಅದನ್ನೆಲ್ಲ ಬುಟ್ಟಿಗೆ ತುಂಬಿ, ತಲೆಯ ಮೇಲೆ ಹೊತ್ತು, ಗಡಿಕಲ್ಲಿನಾಚೆ ಇಳಿಸಿ, ತಿರುಗಿ ನೋಡದೆ ಬರುವವರು ಒಬ್ಬರಿರಬೇಕು. ನಮ್ಮೂರಲ್ಲಿ ಆ ಒಬ್ಬರು ನಮ್ಮ ಮನೆಯವರು. ನನ್ನ ಮಾವ ಹೊತ್ತ, ಮಾವನ ಅಪ್ಪ ಹೊತ್ತ. ಊರಿನ ರೋಗವೆಲ್ಲ ನಮ್ಮ ಮನೆಯವರ ನೆತ್ತಿಯ ಮೇಲೆ ಹೋಯಿತು. ಕ್ರಾಂತಿ ಹುಟ್ಟುವ ವರ್ಷಕ್ಕೆ ಮಾವ ಬುಟ್ಟಿಯನ್ನು ಒಲೆಗೆ ಹಾಕಿ ಇನ್ನು ಆಗುವುದಿಲ್ಲ ಎಂದ. ಈಗ ಹೊರುವವರಿಲ್ಲದ್ದರಿಂದ ಅವರವರ ಮೊರವನ್ನು ಅವರವರೇ ಮನೆಯಿಂದ ನೇರ ಬೈಕಿನಲ್ಲಿ ಒಯ್ದು ಎಸೆದು ಬರುತ್ತಾರೆ. ಎಸೆದ ಮೇಲೆ ಅದನ್ನು ಮುಟ್ಟುವವರಿಲ್ಲ. ದೀಪಾವಳಿಗೆ ಮೊದಲು ಕೈಕಾಲು ಹಿಡಿಯುವ ಜ್ವರ ಬಂದಿತ್ತಲ್ಲ, ಆಗ ಬಿದ್ದ ಮೊರಗಳು ಅವು.

ಮಗಳಿಗೆ ಇದೊಂದನ್ನೂ ನಾನು ಹೇಳಿರಲಿಲ್ಲ. ಮನೆಯಲ್ಲಿ ಬುದ್ಧನ ಪಟ ಇದೆ, ಅವಳ ಹೆಸರು ಕ್ರಾಂತಿ, ಅವಳಿಗೇಕೆ ಈ ಹೊಲಸು ಎಂದುಕೊಂಡಿದ್ದೆ. ಒಂದು ಮಾತು ಹೇಳಿದರೆ ಅದರ ಬೆನ್ನಿಗಿರುವ ಇನ್ನೊಂದು ಮಾತನ್ನೂ ಹೇಳಬೇಕಾಗುತ್ತಿತ್ತು. ಅದು ನನ್ನಿಂದಾಗುತ್ತಿರಲಿಲ್ಲ. ಹಾಗಾಗಿ ಅವತ್ತೂ ಬಾಯಿ ಮುಚ್ಚಿಕೊಂಡೆ. ಧೂಳು ಹಿಡಿದಿವೆ, ತೊಳೆದು ಕೊಡುತ್ತೇನೆ ಎಂದು ಎರಡೂ ಮೊರಗಳನ್ನು ಬಚ್ಚಲಿಗೆ ಒಯ್ದು, ತೆಂಗಿನ ನಾರು ಹಾಕಿ ಅರಿಶಿನ ಹೋಗುವ ತನಕ ಉಜ್ಜಿದೆ. ಕ್ರಾಂತಿ ಬಚ್ಚಲ ಬಾಗಿಲಲ್ಲಿ ಬಂದು ನಿಂತಳು, ಸ್ವಲ್ಪ ಹೊತ್ತು ನೋಡಿದಳು, ಒಳಗೆ ಹೋದಳು.

ಮಾಘ ಮಾಸದಲ್ಲಿ ಕರಡಿ ಎದ್ದು ನಿಂತಿತು. ಹಿಂಗಾಲ ಮೇಲೆ ನಿಂತು, ಮುಂಗಾಲು ಎತ್ತಿ, ರಸ್ತೆಯ ಕಡೆ ಮೂತಿ ಮಾಡಿದ ಎಂಟು ಅಡಿಯ ಕರಡಿ. ಗಾಳಿ ಬಂದರೆ ಡ್ರಿಪ್ ಪೈಪಿನ ಕೂದಲು ಅಲ್ಲಾಡುತ್ತದೆ. ಕೊಟ್ಟೂರು ಬಸ್ಸಿನ ಡ್ರೈವರ್ ಮೊದಲ ದಿನ ಬ್ರೇಕ್ ಒತ್ತಿದ್ದನ್ನು ನಾನೇ ಕಂಡೆ. ಕಟ್ಟೆಯ ಕಲ್ಲಿನಲ್ಲಿ "ಶಿಲ್ಪಿ: ಕ್ರಾಂತಿ ಗಾದಿಲಿಂಗಪ್ಪ" ಎಂದು ಕೆತ್ತಿಸಿದ್ದರು. ಪಾಲಣ್ಣ ಟೇಪು ಕತ್ತರಿಸಿದ, ಎಲ್ಲರೂ ಸೆಲ್ಫಿ ತೆಗೆದುಕೊಂಡರು. ನಾನು ದಿನಾ ಬಸ್ಸಿಗೆ ಕಾಯುವಾಗ ಸೆರಗಿನಿಂದ ಆ ಕಲ್ಲು ಒರೆಸುತ್ತಿದ್ದೆ. ಗಂಡನ ಹೆಸರಿನ ಮೇಲೆ ಧೂಳು ಕೂರಬಾರದು ಎಂದು ಅಷ್ಟೇ.

ಯುಗಾದಿ ಕಳೆದು ಹತ್ತು ದಿನಕ್ಕೆ ಮೂರು ಮಕ್ಕಳಿಗೆ ಗುಳ್ಳೆ ಎದ್ದವು. ಆಸ್ಪತ್ರೆಯವರು ಚಿಕನ್ ಪಾಕ್ಸ್, ಎಲ್ಲಾ ಊರಲ್ಲೂ ಇದೆ, ವಾರದಲ್ಲಿ ಹೋಗುತ್ತದೆ ಎಂದರು. ಬುದ್ಧನ ಪಟದ ಕೆಳಗೆ ಕೂತೇ ಸುದ್ದಿ ಕೇಳಿದೆ. ಕೇಳಿದ ಕೂಡಲೇ ನನ್ನ ಕೈ ತನ್ನಷ್ಟಕ್ಕೆ ಕೆನ್ನೆಗೆ ಹೋಯಿತು. ಹೋದ ಕೈಯನ್ನು ನಾನೇ ಬೈದು ಇಳಿಸಿದೆ.

ಆಮೇಲೆ ಊರು ನನ್ನ ಜೊತೆ ಮೆತ್ತಗಾಯಿತು. ಮೊದಲು ಬಂದವಳು ಪಾಲಣ್ಣನ ಹೆಂಡತಿ ಬೊಮ್ಮಮ್ಮ. ನನ್ನ ವಾರಿಗೆಯವಳು, ಜಗಳಗಂಟಿ, ಮೂವತ್ತು ವರ್ಷದಲ್ಲಿ ಒಂದು ಹಿಡಿ ಕರಿಬೇವು ಕೊಟ್ಟವಳಲ್ಲ. ಅವತ್ತು ಹುಣಿಸೆಹಣ್ಣು ತಂದುಕೊಟ್ಟು, ನನ್ನ ಮೊಣಕಾಲು ನೋವು ಹೇಗಿದೆ ಎಂದು ಕೇಳಿದಳು. ಕೇಳುತ್ತಲೇ ಗೋಡೆಗೆ ಒರಗಿಸಿದ್ದ ನಮ್ಮ ಮನೆಯ ಮೊರದ ಕಡೆ ಕಣ್ಣು ಹಾಯಿಸಿದಳು. ಮರುದಿನ ಬಸ್ಸಿನಲ್ಲಿ ನನಗೆ ಸೀಟು ಬಿಟ್ಟುಕೊಟ್ಟರು. ನನ್ನ ಪಕ್ಕದ ಸೀಟಿನಲ್ಲಿ ಮಾತ್ರ ಕೊಟ್ಟೂರಿನ ತನಕ ಯಾರೂ ಕೂರಲಿಲ್ಲ. ಕರಡಿಯ ಹತ್ತಿರ ಸೆಲ್ಫಿ ನಿಂತುಹೋದವು. ಹೆಂಗಸರು ರಸ್ತೆಯಾಚೆ ನಿಂತು ತಲೆ ಎತ್ತಿ ಅದರ ಎಡಗಿವಿ ನೋಡುತ್ತಿದ್ದರು. ಶುಕ್ರವಾರ ಅದರ ಕಾಲ ಹತ್ತಿರ ಕೊಯ್ದ ನಿಂಬೆಹಣ್ಣು ಬಿದ್ದಿತ್ತು. ನಾನು ಅದನ್ನು ಒದ್ದು ಚರಂಡಿಗೆ ಹಾಕಿದೆ.

ನಾನು ಮೇಲೆ ನೋಡಿದ್ದು ಆಗ. ಎಡಗಿವಿಯ ಅಂಚು ಹರಿದಿತ್ತು, ಅದಕ್ಕೆ ಹಸಿರು ಸೀರೆಯ ಅಂಚಿನಿಂದ ಹೊಲಿಗೆ ಹಾಕಿದ್ದರು. ಅರಿಶಿನ ತೊಳೆದ ನಾನು ಹೊಲಿಗೆಯನ್ನು ನೋಡಿರಲಿಲ್ಲ. ಆ ಹಸಿರು ಸೀರೆಯನ್ನು ಬೊಮ್ಮಮ್ಮ ಹತ್ತು ವರ್ಷ ಉಟ್ಟಿದ್ದು ಊರಿಗೆಲ್ಲ ಗೊತ್ತು. ತಾನು ಎಸೆದ ಮೊರ ಊರ ಬಾಗಿಲಲ್ಲಿ ನಿಂತು ತನ್ನನ್ನೇ ನೋಡುತ್ತಿದೆ ಎಂದು ಅವಳು ಗುರುತು ಹಿಡಿದಿದ್ದಳು.

ಭಾನುವಾರ ಹಿರಿಯರು ಸಭೆ ಕೂಡಿಸಿದರು. ಊರ ನಡುವಿನ ಕಟ್ಟೆಗೆ ನನ್ನನ್ನು ಕರೆದರು, ಕ್ರಾಂತಿಯನ್ನಲ್ಲ. ಅವಳು ಅವತ್ತು ಕೋಗಳಿಯ ಹಳೆಯ ಬಸದಿ ನೋಡಲು ಗೆಳತಿಯರ ಜೊತೆ ಹೋಗಿದ್ದಳು. ಅವಳಿಲ್ಲದ ದಿನವನ್ನೇ ಹುಡುಕಿದ್ದಾರೆ ಎಂದು ನನಗೆ ಅನಿಸಿತು. ಕೂರಲು ಚಾಪೆ ಹಾಕಿದ್ದರು. ಪಾಲಣ್ಣ ಸುತ್ತಿ ಬಳಸಿ ಮಾತಾಡಿದ. ಮಕ್ಕಳ ವಿಷಯ, ಊರಿನ ಒಳ್ಳೆಯದು, ನಿಮ್ಮ ಮಾವ ದೇವರಂಥವನು, ಹೀಗೆ. ಕೊನೆಗೆ ಕೇಳಿದ.

"ಗಡ್ಯಾಗ ಬಿಟ್ಟಿದ್ದನ್ನ ನಿನ್ನ ಮಗಳು ಊರಾಗ ತಂದು ನಿಂದ್ರಿಸ್ಯಾಳ. ಗೊತ್ತಿದ್ದು ಮಾಡ್ಯಾಳೋ, ಗೊತ್ತಿಲ್ದ ಮಾಡ್ಯಾಳೋ, ಅಷ್ಟ ಹೇಳು ಗಿಡ್ಡಮ್ಮ."

ಆ ಪ್ರಶ್ನೆಯೊಳಗಿನ ಬೆದರಿಕೆ ನನಗೆ ಚೆನ್ನಾಗಿ ಕೇಳಿಸಿತು. ಗೊತ್ತಿದ್ದು ಮಾಡಿದ್ದರೆ ಅದು ಊರಿಗೆ ಮಾಡಿದ ಮಾಟ. ಮಾಟ ಮಾಡಿದವರಿಗೆ ಏನು ಮಾಡುತ್ತಾರೆ ಎಂದು ನನಗೆ ಹೇಳಿಕೊಡಬೇಕಿರಲಿಲ್ಲ. ಸ್ಕೂಟಿಯಲ್ಲಿ ಒಬ್ಬಳೇ ಓಡಾಡುವ ಹುಡುಗಿ ಅವಳು. ನಾನು ಎದ್ದು ನಿಂತು ಸೆರಗು ಒಡ್ಡಿದೆ. ನನ್ನ ಮಗಳಿಗೆ ಏನೂ ಗೊತ್ತಿಲ್ಲ, ಅವಳು ಹುಟ್ಟುವ ಮೊದಲೇ ಆ ಕೆಲಸ ನಿಂತಿತ್ತು, ನಾನು ಹೇಳಿಲ್ಲ, ತಪ್ಪು ನನ್ನದು, ಅವಳ ಮೇಲೆ ಆಣೆ ಎಂದೆ. ಇಪ್ಪತ್ತು ವರ್ಷ ಸರ್ಕಾರಿ ಸಂಬಳ ತಿಂದವಳು ಸೆರಗು ಒಡ್ಡಿ ನಿಂತೆ. ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ.

ಎಲ್ಲರ ಮುಖ ಹಗುರಾಯಿತು. ಗೊತ್ತಿಲ್ಲದೆ ಮಾಡಿದ್ದಕ್ಕೆ ದಾರಿ ಇದೆ ಎಂದರು. ಮಂಗಳವಾರ ಹೊತ್ತು ಮುಳುಗುವುದರೊಳಗೆ ಕರಡಿಯನ್ನು ಬಿಚ್ಚಿ ಗಡಿ ದಾಟಿಸಬೇಕು. ಕಿವಿ ಮಾತ್ರ ಕಿತ್ತರೆ ಸಾಲದೇ ಎಂದು ಕೇಳಿದೆ, ಅಮ್ಮ ಮೈಗೆಲ್ಲ ಕೂತಿದ್ದಾಳೆ ಎಂದರು. ಕೊಟ್ಟೂರಿನಿಂದ ಅಂಜಿನೇಯಲು ಎಂಬವನ ಟ್ರಾಕ್ಟರ್ ಬರುತ್ತದೆ, ಆದರೆ ಬಿಚ್ಚುವುದು, ಹೇರುವುದು, ಮೊರ ತಲೆಯ ಮೇಲೆ ಹೊತ್ತು ಟ್ರಾಕ್ಟರಿನ ಮುಂದೆ ನಡೆಯುವುದು ನಿಮ್ಮ ಮನೆಯವರೇ. ಇದೊಂದೇ ಸಲ. ಆಮೇಲೆ ಮಗಳು ಬೇರೆ ಕರಡಿ ಮಾಡಲಿ, ಹೆಸರಿನ ಕಲ್ಲು ಹಾಗೇ ಇರುತ್ತದೆ. ಮೌನೇಶ್ ಅಷ್ಟೂ ಹೊತ್ತು ಮೊಬೈಲಿನಲ್ಲಿ ಮುಖ ಇಟ್ಟುಕೊಂಡಿದ್ದವನು ಕೊನೆಗೆ ಎದ್ದು ಬಂದು, ಇದು ನಿಮ್ಮ ಇಷ್ಟದಿಂದಲೇ ಮಾಡುತ್ತಿರುವುದು ತಾನೇ ಅಮ್ಮಾರ ಎಂದು ಕೇಳಿದ. ಎರಡು ಸಲ ಕೇಳಿದ. ನನ್ನ ಬಾಯಿಂದ "ಇಷ್ಟದಿಂದ" ಎನ್ನುವ ಮಾತು ಅವನಿಗೆ ಬೇಕಿತ್ತು. ಕೊಟ್ಟೆ.

ನಾನೇ ಹೊರುತ್ತೇನೆ ಎಂದು ಒಪ್ಪಿಕೊಂಡು ಮನೆಗೆ ಬಂದೆ. ಮಗಳಿಗೆ ಹೇಗೆ ಹೇಳುವುದು ಎಂಬುದೊಂದೇ ತಲೆಯಲ್ಲಿತ್ತು. ಅವಳು ಸಂಜೆ ಬಂದಾಗ ನಾನು ರೊಟ್ಟಿ ಬಡಿಯುತ್ತಿದ್ದೆ. ಕಣ್ಣೆತ್ತದೆ ಎಲ್ಲ ಹೇಳಿದೆ. ಗಡಿಕಲ್ಲು, ಮೊರ, ತಾತ ಹೊತ್ತದ್ದು, ಊರವರು ಕೇಳಿದ್ದು, ನಾನು ಆಣೆ ಇಟ್ಟಿದ್ದು. ನಿನಗೇನು ಗೊತ್ತಿತ್ತು ಪಾಪ, ನೀನು ಹೆದರಬೇಡ, ನಾನು ಮುಗಿಸುತ್ತೇನೆ ಎಂದೆ. ಅವಳು ಬಾಗಿಲ ಹತ್ತಿರ ನಿಂತಲ್ಲೇ ಇದ್ದಳು.

"ನನಗ ಗೊತ್ತಿತ್ತವ್ವ."

ರೊಟ್ಟಿ ಕೈಯಲ್ಲೇ ಉಳಿಯಿತು.

ತಾತನೇ ಹೇಳಿದ್ದನಂತೆ. ಅವಳು ಐದನೇ ಕ್ಲಾಸಿನಲ್ಲಿದ್ದಾಗ, ನಾನು ಶಾಲೆಗೆ ಹೋದ ಹೊತ್ತಲ್ಲಿ, ಅವನ ತಲೆಗೆ ಎಣ್ಣೆ ಹಚ್ಚುವಾಗ ನೆತ್ತಿಯಲ್ಲಿ ಅಂಗೈಯಗಲ ಕೂದಲೇ ಇಲ್ಲದ ಜಾಗ ಕಂಡು ಇದೇನು ತಾತ ಎಂದಳಂತೆ. ಅವನು ಗಡಿಕಲ್ಲಿಗೆ ಕರೆದುಕೊಂಡು ಹೋಗಿ ಎಲ್ಲ ತೋರಿಸಿದ್ದನಂತೆ. ನಿಮ್ಮವ್ವನಿಗೆ ಹೇಳಬೇಡ, ನೊಂದುಕೊಳ್ಳುತ್ತಾಳೆ ಎಂದಿದ್ದನಂತೆ.

"ಇಡೀ ಊರು ಬಿಸಾಕಿದ್ದು ನಮ್ಮ ತಾತನ ತಲಿ ಮ್ಯಾಲ ಕುಂತಿತ್ತು. ಅದನ್ನ ಊರ ಮುಂದ, ಎಲ್ಲಾರೂ ತಲಿ ಎತ್ತಿ ನೋಡೋಹಂಗ ನಿಂದ್ರಿಸಬೇಕು ಅನಿಸ್ತು. ನಿಂಗ ಮೊರ ತೋರಿಸಿದ್ದೂ ಅದಕ್ಕ. ಹೇಳ್ತಿ ಅಂತ ಕಾದೆ. ನೀ ಹೇಳಲಿಲ್ಲ, ತೊಳೆದಿ."

ನನಗೆ ಬಂದ ಸಿಟ್ಟು ಯಾವ ಮಟ್ಟದ್ದೆಂದರೆ ಕೈಲಿದ್ದ ರೊಟ್ಟಿಯನ್ನು ಗೋಡೆಗೆ ಎಸೆದೆ. ಪಾಲಣ್ಣ ಚಹಾ ಕುಡಿದನೋ ಇಲ್ಲವೋ ಎಂದು ಅನುಮಾನಪಟ್ಟೆ, ಬೊಮ್ಮಮ್ಮನ ಹುಣಿಸೆಹಣ್ಣನ್ನು ಅನುಮಾನಿಸಿದೆ, ಬಸ್ಸಿನ ಸೀಟನ್ನು ಅನುಮಾನಿಸಿದೆ. ಹೊಟ್ಟೆಯಲ್ಲಿ ಹುಟ್ಟಿದವಳು ನಾಲ್ಕು ತಿಂಗಳು ನನ್ನ ಕಣ್ಣೆದುರಿಗೇ ಊರ ಮುಖಕ್ಕೆ ಹಿಡಿಯುವ ಕನ್ನಡಿ ಕಟ್ಟುತ್ತಿದ್ದರೆ ನನಗೆ ಏನೂ ಕಾಣಲಿಲ್ಲ. ಬಾಯಿಗೆ ಬಂದಂತೆ ಬೈದೆ. ನಿನ್ನ ಮೇಲೆ ಆಣೆ ಇಟ್ಟು ಸೆರಗು ಒಡ್ಡಿ ಬಂದೆನಲ್ಲೇ ಎಂದೆ. ಆಗ ಅವಳ ಕಣ್ಣಲ್ಲಿ ನೀರು ಬಂತು. ಮಂಗಳವಾರ ನಾನೇ ಹೋಗಿ ಕರಡಿ ಬಿಚ್ಚುತ್ತೇನೆ, ನೀನು ಮಾತ್ರ ಹೊರಬೇಡವ್ವ ಎಂದಳು. ನನಗೆ ಅವಳ ಮುಖ ನೋಡಲಾಗಲಿಲ್ಲ. ಗೋಡೆಗೆ ಅಂಟಿದ ರೊಟ್ಟಿಯನ್ನು ಬಿಡಿಸಿ ತೆಗೆದೆ.

ಸೋಮವಾರ ಶಾಲೆಗೆ ಹೋದೆ, ಗಂಟೆ ಹೊಡೆದೆ, ಬಂದೆ. ಹೋಗುವಾಗಲೂ ಬರುವಾಗಲೂ ಕಲ್ಲು ಒರೆಸಿದೆ.

ಮಂಗಳವಾರ ಸಂಜೆ ನಾಲ್ಕಕ್ಕೆ ಊರೆಲ್ಲ ಬಸ್ ಸ್ಟಾಪಿನಲ್ಲಿ ಸೇರಿತ್ತು. ಕರಡಿಯಿಂದ ಇಪ್ಪತ್ತು ಮಾರು ದೂರ. ಟ್ರಾಕ್ಟರ್ ಬಂದು ನಿಂತಿತ್ತು, ಅಂಜಿನೇಯಲು ಬೀಡಿ ಸೇದುತ್ತ ಸೀಟಿನ ಮೇಲಿದ್ದ. ಬೇವಿನ ಸೊಪ್ಪು, ಅರಿಶಿನದ ನೀರು, ಹೊರೆಯ ಕೆಳಗೆ ತಲೆಗಿಡಲು ಹಳೇ ಬಟ್ಟೆ ಸುತ್ತಿ ಮಾಡಿದ ಸಿಂಬಿ, ಎಲ್ಲ ತಯಾರಿತ್ತು. ಪಾಲಣ್ಣ ಸಿಂಬಿಯನ್ನು ನನ್ನ ಕೈಗೆ ಕೊಡಲಿಲ್ಲ, ನೆಲದ ಮೇಲಿಟ್ಟು ಹಿಂದೆ ಸರಿದ. ಕ್ರಾಂತಿ ಸ್ಪ್ಯಾನರು, ಕಟಿಂಗ್ ಪ್ಲೇಯರು ಹಿಡಿದು ಕಟ್ಟೆ ಹತ್ತಿದ್ದಳು.

ನಾನು ಆ ಸಿಂಬಿಯನ್ನು ನೋಡಿದೆ. ಬಗ್ಗಿ ಎತ್ತಿಕೊಂಡಿದ್ದರೆ ಎಲ್ಲ ಮುಗಿಯುತ್ತಿತ್ತು. ಬಗ್ಗಲೇ ಇಲ್ಲ.

"ಪಾಲಣ್ಣಾರ," ಎಂದೆ, "ಭಾನುವಾರ ನಾ ಸುಳ್ಳು ಹೇಳಿದ್ದೆ. ಅದು ಸುಳ್ಳಂತ ಆಗ ನನಗೂ ಗೊತ್ತಿರಲಿಲ್ಲ. ನನ್ನ ಮಗಳಿಗಿ ಎಲ್ಲಾ ಗೊತ್ತಿತ್ತು. ಗೊತ್ತಿದ್ದ ತಂದು ನಿಂದ್ರಿಸ್ಯಾಳ."

ಮೇಲಿಂದ ಕ್ರಾಂತಿ "ಯವ್ವಾ" ಎಂದದ್ದು ಕೇಳಿಸಿತು. ಜನ ಗುಜುಗುಜು ಎಂದರು. ಬೊಮ್ಮಮ್ಮ ಮುಂದೆ ಬರಲು ನೋಡಿದಳು, ಕರಡಿಯ ಎಡಗಿವಿ ಕಂಡು ನಿಂತಳು. ನಾನು ನಿಲ್ಲಿಸಲಿಲ್ಲ. ನಿಲ್ಲಿಸಿದ್ದರೆ ಮತ್ತೆ ಆ ಮಾತು ಈ ಜನ್ಮದಲ್ಲಿ ಹೊರಬರುತ್ತಿರಲಿಲ್ಲ.

"ಇನ್ನೊಂದೈತಿ, ಅದು ಈಕಿಗೂ ಗೊತ್ತಿಲ್ಲ. ನಮ್ಮ ಮಾವ ಕೊನೀಗಿ ಹೊರಲಿಲ್ಲ. ಅವತ್ತು ಅವಗ ಜ್ವರ ಬಂದು ಮೈಮ್ಯಾಲ ಖಬರಿರಲಿಲ್ಲ, ನನ್ನ ಗಂಡ ಹರಪನಹಳ್ಳ್ಯಾಗಿದ್ದ. ನೀವು ಬಾಗಿಲಿಗೆ ಬಂದು, ಮನ್ಯಾಗ ಯಾರರ ಒಬ್ರು ಹೊರಬೇಕು ಅಂದ್ರಿ. ಕೊನೀ ಸಲ ಹೊತ್ತಾಕಿ ನಾನು. ಆವಾಗ ಏಳು ತಿಂಗಳ ಬಸುರಿ. ನೆನಪೈತೇನ್ರಿ ಪಾಲಣ್ಣಾರ? ಅವತ್ತೂ ಸಿಂಬಿನ ಹಿಂಗ ನೆಲದ ಮ್ಯಾಲ ಇಟ್ರಿ. ಬಗ್ಗಾಕ ಬರಲಿಲ್ಲ ನನಗ, ಮೊಣಕಾಲೂರಿ ತಗಂಡೆ."

ಪಾಲಣ್ಣ ಹೆಗಲ ಟವೆಲ್ಲಿನಿಂದ ಮುಖ ಒರೆಸಿಕೊಂಡ. ಅವನಿಗೆ ನೆನಪಿತ್ತು.

"ಇವತ್ತ ನಾ ಹೊರಾದಿಲ್ಲ. ನನ್ನ ಮಗಳೂ ಬಿಚ್ಚಾದಿಲ್ಲ. ನಿಮ್ಮ ಮನೀ ಮೊರ ಅದು, ನಿಮ್ಮ ಕಸಬರಿಗಿ. ಬ್ಯಾಡಂದ್ರ ನೀವ ಬಿಚ್ಚರಿ, ನೀವ ಹೊರ್ರಿ. ನಾವು ಅಡ್ಡ ಬರಾದಿಲ್ಲ."

ಹೇಳಿ ಕ್ರಾಂತಿಯ ಕೈಯಿಂದ ಸ್ಪ್ಯಾನರು ಇಸಿದುಕೊಂಡು ಸಿಂಬಿಯ ಪಕ್ಕ ನೆಲದ ಮೇಲಿಟ್ಟೆ. ಯಾರು ಬೇಕಾದರೂ ತೆಗೆದುಕೊಳ್ಳಬಹುದಿತ್ತು. ಪಾಲಣ್ಣ ಹಿಂದೆ ತಿರುಗಿ ಹುಡುಗರ ಕಡೆ ನೋಡಿದ, ಹುಡುಗರು ಒಬ್ಬರನ್ನೊಬ್ಬರು ನೋಡಿದರು, ನಾಲ್ಕು ಜನ ಬೈಕಿನ ನೆಪ ಮಾಡಿ ಸರಿದರು. ಮೌನೇಶನಿಗೆ ಫೋನು ಬಂತು, ಅಥವಾ ಬಂದ ಹಾಗೆ ಮಾಡಿದ. ಬೊಮ್ಮಮ್ಮನಿಗೆ ಗಂಡನೇ ಮೆಲ್ಲಗೆ ನಿನ್ನ ಮೊರ ತಾನೇ ಎಂದ. ಅವಳು ಅವನನ್ನು ನೋಡಿದ ನೋಟಕ್ಕೆ ಅವನು ತಲೆ ತಗ್ಗಿಸಿದ. ಕೊನೆಗೆ ಎಲ್ಲರೂ ಅಂಜಿನೇಯಲುವಿನ ಕಡೆ ತಿರುಗಿದರು. ಅವನು ಬೀಡಿ ಆರಿಸಿದ.

"ಊರಿಗೂರ ಮುಟ್ಟಾಕ ಹೆದರಿದ್ದನ್ನ ನಾ ಯಾಕ ಮುಟ್ಟಲಿ? ನನಗೂ ಮಕ್ಕಳದಾವು," ಎಂದು ಗಾಡಿ ತಿರುಗಿಸಿಕೊಂಡು ಕೊಟ್ಟೂರಿನ ದಾರಿ ಹಿಡಿದ.

ಹೊತ್ತು ಮುಳುಗುವ ತನಕ ಜನ ನಿಂತಿದ್ದರು. ಯಾರಾದರೂ ಮುಂದೆ ಬರುತ್ತಾರೆ ಎಂದು ಒಬ್ಬರು ಇನ್ನೊಬ್ಬರಿಗೆ ಕಾಯುತ್ತಿದ್ದರು. ಆಮೇಲೆ ಎಮ್ಮೆ ಕಟ್ಟಬೇಕು, ಒಲೆ ಹಚ್ಚಬೇಕು ಎನ್ನುತ್ತ ಒಬ್ಬೊಬ್ಬರಾಗಿ ಮನೆಗೆ ಹೋದರು. ನಾಳೆ ಏನು ಮಾಡುತ್ತಾರೋ ಎಂಬ ಅನುಮಾನ ನನಗೆ ಆಗಲೂ ಇತ್ತು, ಈಗಲೂ ಇದೆ. ಕರಡಿ ಮಾತ್ರ ನಿಂತಲ್ಲೇ ನಿಂತಿದೆ. ಅದನ್ನು ಮುಟ್ಟುವ ಧೈರ್ಯ ಇರುವವರು ಈ ಊರಲ್ಲಿ ನಾವಿಬ್ಬರೇ.

ಎಲ್ಲರೂ ಹೋದ ಮೇಲೆ ಕ್ರಾಂತಿ ಕಟ್ಟೆಯಿಂದ ಇಳಿದು ಬಂದು ನನ್ನ ಪಕ್ಕ ಕೂತಳು. ಅವಳ ಕೈಗೆಲ್ಲ ತುಕ್ಕು ಮೆತ್ತಿತ್ತು, ಆ ಕೈಯನ್ನೇ ನನ್ನ ಹೊಟ್ಟೆಯ ಮೇಲೆ ತಂದಿಟ್ಟಳು.

"ಹಂಗಾದ್ರ ನಾನೂ ಹೊತ್ತೀನವ್ವ," ಎಂದಳು.

ನಾನು ಹೂಂ ಎಂದೆ.